ನೋವು ಹಣೆಯಲ್ಲಿ, ಬೇರು ಕತ್ತಿನಲ್ಲಿ

(ಬಾನುಲಿ ಭಾಷಣ)

ತಾಳೆಗರಿಯ ಗ್ರಂಥಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಗ್ರಂಥವನ್ನು ಪ್ರತಿ ಮಾಡಿ ಮುಗಿಸಿದ ಲಿಪಿಕಾರ ಎಷ್ಟೋ ವೇಳೆ ಕೊನೆಯ ಗರಿಯಲ್ಲಿ ತನ್ನ ಸಂಕಟವನ್ನು ಒಂದು ಶ್ಲೋಕದ ಮೂಲಕ ತೋಡಿಕೊಂಡಿರುತ್ತಾನೆ. ತನ್ನ ಬೆನ್ನು, ಸೊಂಟ, ಕತ್ತುಗಳ ಅವಸ್ಥೆಯನ್ನೂ ನೆಟ್ಟಲ್ಲೇ ನೆಟ್ಟ ನೋಟವನ್ನೂ ಹೇಳಿಕೊಂಡು, ಇಷ್ಟು ಶ್ರಮದಿಂದ ಬರೆದುದನ್ನು ಜೋಪಾನವಾಗಿ ಕಾಪಾಡಿರೆಂದು ಓದುಗನನ್ನು ಬೇಡುತ್ತಾನೆ. ಆ ಶ್ಲೋಕದಲ್ಲಿ ಅವನು ತನ್ನ ಭಂಗಿಗೆ ಬಳಸುವ ಮಾತು ‘ಅಧೋಮುಖ’. ತೊಡೆಯ ಮೇಲಿನ ಗರಿಯತ್ತ ಮುಖವನ್ನು ಬಾಗಿಸಿ, ಕಂಟವನ್ನು ಹಿಡಿದು, ದಿನಗಟ್ಟಲೆ ಕುಳಿತವನಿಗೆ ಆ ಮಾತು ಸಹಜವಾಗಿಯೇ ಒದಗಿ ಬಂದಿರಬೇಕು. ಅವನಾದರೋ ಬೆಳೆದ ಆಳು. ಅದು ಅವನ ವೃತ್ತಿ. ಬೆಳಕು ಸಾಲದಾದಾಗ ಕಂಟವನ್ನು ಕೆಳಗಿಡುವುದು ಅವನಿಗೆ ಅನಿವಾರ್ಯವೂ ಆಗಿತ್ತು.

ಈಗ ಅಧೋಮುಖರಾಗಿರುವವರು ಹದಿಮೂರು ಹದಿನಾಲ್ಕರ ಮಕ್ಕಳು. ಬಸ್ಸಿನ ನಿಲ್ದಾಣದಲ್ಲಿ, ಮನೆಯ ಜಗಲಿಯಲ್ಲಿ, ಮದುವೆಯ ಮಂಟಪದಲ್ಲಿ, ಹಾಸಿಗೆಯ ಮೇಲೆ, ಎಲ್ಲೆಲ್ಲಿಯೂ ಅವರ ಮುಖ ಅಂಗೈಯಲ್ಲಿರುವ ಫೋನಿನತ್ತ ಬಾಗಿರುತ್ತದೆ. ಬೆಳಕು ಸಾಲದೆಂಬ ತೊಂದರೆಯೂ ಅವರಿಗಿಲ್ಲ, ಏಕೆಂದರೆ ಬೆಳಕು ಫೋನಿನೊಳಗೇ ಉಂಟು. ಈ ಮಕ್ಕಳು ಸಂಜೆಯ ಹೊತ್ತಿಗೆ ತಲೆನೋವೆನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಹಣೆಯನ್ನು ಮುಟ್ಟಿ ತೋರಿಸುತ್ತಾರೆ, ಇಲ್ಲವೆ ಕಣ್ಣಿನ ಹಿಂದೆ ಎನ್ನುತ್ತಾರೆ. ತಾಯಿ ಹಣೆಗೆ ಅಮೃತಾಂಜನ ಹಚ್ಚುತ್ತಾಳೆ. ತಂದೆ ಫೋನನ್ನು ಕಿತ್ತುಕೊಂಡು ನಾಲ್ಕು ಮಾತು ಬಯ್ಯುತ್ತಾನೆ. ಇಬ್ಬರ ಕೈಯೂ ಕತ್ತಿನವರೆಗೆ ಹೋಗುವುದಿಲ್ಲ. ಹಣೆಯ ನೋವಿಗೂ ಕತ್ತಿಗೂ ಇರುವ ನಂಟನ್ನೂ, ಅದನ್ನು ಸಡಿಲಿಸಲು ಮಾಡಬಹುದಾದ ಕೆಲವು ಸಣ್ಣ ವ್ಯಾಯಾಮಗಳನ್ನೂ ಕುರಿತು ಈ ಹೊತ್ತು ನಾಲ್ಕು ಮಾತನ್ನಾಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಮಕ್ಕಳ ನಡುವೆ ಬಹುಕಾಲ ಕಳೆದ ಮೇಷ್ಟರು ಮಾತ್ರ. ಆದುದರಿಂದ ವೈದ್ಯರು ಒಪ್ಪಿ ಹೇಳುವುದನ್ನಷ್ಟೇ ಹೇಳುತ್ತೇನೆ.

ಅಧೋಮುಖವೆಂಬ ಮಾತು ನಾಟ್ಯಶಾಸ್ತ್ರಜ್ಞರಿಗೂ ಪರಿಚಿತವಾದುದೇ. ನಂದಿಕೇಶ್ವರನ ‘ಅಭಿನಯದರ್ಪಣ’ದಲ್ಲಿ ತಲೆಯ ಚಲನೆಗಳು ಒಂಬತ್ತು ಬಗೆ. ಅಲುಗದೆ ನೇರವಾಗಿ ನಿಂತ ತಲೆ ‘ಸಮ’, ಮೇಲಕ್ಕೆತ್ತಿದ್ದು ‘ಉದ್ವಾಹಿತ’, ಪಕ್ಕಕ್ಕೆ ತಿರುಗಿಸಿದ್ದು ‘ಪರಾವೃತ್ತ’, ಹೀಗೆ ಉಳಿದವು. ಬಾಗಿದ ಅಧೋಮುಖವನ್ನು ನರ್ತಕಿ ಲಜ್ಜೆಗೆ, ದುಃಖಕ್ಕೆ, ನಮಸ್ಕಾರಕ್ಕೆ, ಕೆಳಗಿರುವ ವಸ್ತುವನ್ನು ನೋಡುವುದಕ್ಕೆ ಬಳಸಬೇಕೆಂದು ಅಲ್ಲಿ ವಿಧಿಯಿದೆ. ಕತ್ತಿನ ಚಲನೆಗಳನ್ನು ಬೇರೆಯಾಗಿಯೇ ನಾಲ್ಕು ಬಗೆಯಾಗಿ ಹೇಳಿದೆ. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೆಂದರೆ, ಒಂಬತ್ತರಲ್ಲಿ ಯಾವುದೂ ನಿಷಿದ್ಧವಲ್ಲ. ಆದರೆ ಯಾವ ನರ್ತಕಿಯೂ ಲಜ್ಜೆಯನ್ನೇ ಎರಡು ಗಂಟೆ ಅಭಿನಯಿಸುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ತಲೆ ಸಾಗುತ್ತಲೇ ಇರುತ್ತದೆ.

ಮಕ್ಕಳ ಕೈಗೆ ಫೋನನ್ನು ಕೊಟ್ಟವರು ಯಾರೆಂಬುದನ್ನೂ ಮರೆಯಬಾರದು. ೨೦೨೦ರಲ್ಲಿ ಕೊರೋನಾ ಹಾವಳಿಯಿಂದ ಶಾಲೆಗಳು ಮುಚ್ಚಿದಾಗ ಫೋನೇ ಪಠ್ಯಪುಸ್ತಕವಾಯಿತು, ಫೋನೇ ಕರಿಹಲಗೆಯಾಯಿತು. ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು. ೨೦೨೧ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ರಸ್ತೆಯ ಬದಿಯಲ್ಲಿ ಕುಳಿತು ಹುಡುಗಿಯೊಬ್ಬಳು ಪಾಠ ಕೇಳುತ್ತಿದ್ದುದನ್ನೂ, ಅವಳ ತಂದೆ ಕೊಡೆ ಹಿಡಿದು ನಿಂತಿದ್ದುದನ್ನೂ ಪತ್ರಿಕೆಗಳ ಚಿತ್ರದಲ್ಲಿ ನಮ್ಮಲ್ಲಿ ಅನೇಕರು ನೋಡಿದೆವು, ಮೆಚ್ಚಿದೆವು. ಅಂದು ಮೆಚ್ಚಿದವರೇ ಇಂದು ಫೋನನ್ನು ದುಶ್ಚಟವೆಂದು ಬಯ್ಯುವಾಗ ಮಕ್ಕಳಿಗೆ ಗೊಂದಲವಾಗುವುದು ಸಹಜ. ಶಾಲೆಗಳು ತೆರೆದ ಮೇಲೂ ಮನೆಗೆಲಸ, ಟಿಪ್ಪಣಿ, ಪ್ರಶ್ನಪತ್ರಿಕೆ ಎಲ್ಲವೂ ಫೋನಿನಲ್ಲಿಯೇ ಬರುತ್ತಿರುವಾಗ, ಅದನ್ನು ಬಾವಿಗೆ ಎಸೆಯಿರಿ ಎಂಬ ಉಪದೇಶದಿಂದ ಪ್ರಯೋಜನವಿಲ್ಲ.

ಇನ್ನು ಕತ್ತಿನ ವಿಚಾರ. ಮನುಷ್ಯನ ಕತ್ತಿನಲ್ಲಿ ಏಳು ಮೂಳೆಗಳು. ಅಷ್ಟುದ್ದ ಕತ್ತಿನ ಜಿರಾಫೆಗೂ ಏಳೇ. ಎಲ್ಲಕ್ಕಿಂತ ಮೇಲಿನ ಮೂಳೆ ಬಳೆಯಂತಿದ್ದು ತಲೆಬುರುಡೆಯನ್ನು ಹೊತ್ತಿದೆ. ಆಕಾಶವನ್ನು ಹೊತ್ತು ನಿಂತನೆಂದು ಗ್ರೀಕರ ಪುರಾಣ ಹೇಳುವ ಅಟ್ಲಾಸನ ಹೆಸರನ್ನೇ ಪಾಶ್ಚಾತ್ಯ ವೈದ್ಯರು ಅದಕ್ಕೆ ಇಟ್ಟಿದ್ದಾರೆ. ನಾವು ಹೌದೆಂದು ತಲೆಯಾಡಿಸುವುದು ಬಹುಮಟ್ಟಿಗೆ ಈ ಮೂಳೆಗೂ ತಲೆಬುರುಡೆಗೂ ನಡುವಿನ ಕೀಲಿನಲ್ಲಿ. ಅಲ್ಲವೆಂದು ಅತ್ತಿತ್ತ ತಿರುಗಿಸುವಾಗ ಆ ತಿರುವಿನ ಸುಮಾರು ಅರ್ಧ ನಡೆಯುವುದು ಮೊದಲ ಮತ್ತು ಎರಡನೆಯ ಮೂಳೆಗಳ ನಡುವೆ. ಹೆಡತಲೆಯ ಕೆಳಗೆ, ಕೂದಲು ಮುಗಿಯುವ ಎಡೆಯಲ್ಲಿ ಬೆರಳಿಟ್ಟು ಒತ್ತಿದರೆ ಆಳದಲ್ಲಿ ನಾಲ್ಕು ಜೊತೆ ಪುಟ್ಟ ಸ್ನಾಯುಗಳಿವೆ. ತಲೆ ಎತ್ತ ವಾಲಿದೆ, ಎಷ್ಟು ವಾಲಿದೆ ಎಂಬ ಸುದ್ದಿಯನ್ನು ಕ್ಷಣಕ್ಷಣವೂ ಮಿದುಳಿಗೆ ಮುಟ್ಟಿಸುವ ಕೆಲಸ ಇವುಗಳದು. ಕತ್ತಿನ ಮುಂಭಾಗದಲ್ಲಿಯೂ, ಅನ್ನನಾಳದ ಹಿಂದೆ, ಮೂಳೆಗೇ ಅಂಟಿಕೊಂಡು ಆಳದ ಸ್ನಾಯುಗಳಿವೆ. ಹೊರಗೆ ಕಾಣದ ಇವು ಕತ್ತನ್ನು ಒಳಗಿನಿಂದ ಹಿಡಿದು ನಿಲ್ಲಿಸಿರುತ್ತವೆ.

ತಲೆಯ ತೂಕ ನಾಲ್ಕೂವರೆಯಿಂದ ಐದೂವರೆ ಕಿಲೋಗ್ರಾಮಿನಷ್ಟು, ಒಂದು ಹದವಾದ ಕುಂಬಳಕಾಯಿಯ ತೂಕ. ನೇರವಾಗಿದ್ದಾಗ ಮೂಳೆಗಳ ಕಂಬವೇ ಅದನ್ನು ಹೊರುತ್ತದೆ. ಮುಂದಕ್ಕೆ ಬಾಗಿದಾಗ ಅದು ಬೀಳದಂತೆ ಹಿಂದಿನ ಸ್ನಾಯುಗಳು ಎಳೆದು ಹಿಡಿಯಬೇಕು. ನ್ಯೂಯಾರ್ಕಿನ ಬೆನ್ನುಮೂಳೆಯ ಶಸ್ತ್ರವೈದ್ಯ ಕೆನೆತ್ ಹನ್ಸರಾಜ್ ೨೦೧೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ತಲೆ ೧೫ ಅಂಶ ಬಾಗಿದಾಗ ಕತ್ತಿನ ಮೇಲೆ ಬೀಳುವ ಹೊರೆ ಸುಮಾರು ೧೨ ಕಿಲೋ, ೩೦ ಅಂಶಕ್ಕೆ ೧೮ ಕಿಲೋ, ೬೦ ಅಂಶಕ್ಕೆ ೨೭ ಕಿಲೋ. ಈ ಸಂಖ್ಯೆಗಳು ಜಗತ್ತೆಲ್ಲ ಸುತ್ತಿದವು. ಮಕ್ಕಳನ್ನು ಹೆದರಿಸಲು ಒಳ್ಳೆಯ ಸಾಮಗ್ರಿಯೂ ಆದವು. ಆದರೆ ಅವು ಗಣಕದಲ್ಲಿ ಹಾಕಿದ ಮಾದರಿಯ ಲೆಕ್ಕ. ಬದುಕಿರುವವರ ಕತ್ತಿನಲ್ಲಿ ಅಳೆದು ಕಂಡವಲ್ಲ. ೨೦೧೮ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊ ನಗರದ ೧೮ರಿಂದ ೨೧ ವಯಸ್ಸಿನ ೧೫೦ ಮಂದಿ ಫೋನ್ ನೋಡುವಾಗಿನ ಭಂಗಿಯನ್ನು ಪರೀಕ್ಷಿಸಿದರು. ಹೆಚ್ಚು ಬಾಗುವವರಿಗೆ ಹೆಚ್ಚು ಕತ್ತುನೋವು ಇದೆಯೆಂದು ಅದರಲ್ಲಿ ಕಂಡುಬರಲಿಲ್ಲ.

ಹಾಗಾದರೆ ಬಾಗುವುದರಿಂದ ಕೇಡೇ ಇಲ್ಲವೆ? ಎರಡು ಸಂಗತಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ಕತ್ತು ಬಾಗುವುದಕ್ಕಾಗಿಯೇ ಇರುವ ಅಂಗ. ರಾಗಿ ಬೀಸುವವಳು ಬಾಗುತ್ತಾಳೆ, ನಾಟಿ ಹಾಕುವವಳು ಬಾಗುತ್ತಾಳೆ, ಚಿನಿವಾರ ಬಾಗುತ್ತಾನೆ. ಅಪಾಯವಿರುವುದು ಬಾಗಿದ ಕೋನಕ್ಕಿಂತ ಹೆಚ್ಚಾಗಿ ಬಾಗಿದಲ್ಲಿಯೇ ಅಲುಗದೆ ಗಂಟೆಗಟ್ಟಲೆ ಉಳಿದುಬಿಡುವುದರಲ್ಲಿ. ನಾಟಿ ಹಾಕುವವಳು ನಡುನಡುವೆ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗುತ್ತಾಳೆ. ಫೋನಿನ ಮುಂದೆ ಕುಳಿತ ಹುಡುಗನಿಗೆ ಹಾಗೆ ನೆಟ್ಟಗಾಗಬೇಕೆಂಬ ನೆನಪೇ ಬರುವುದಿಲ್ಲ. ಒಂದು ಚಿತ್ರ ಮುಗಿಯುವ ಮುನ್ನವೇ ಇನ್ನೊಂದು ಬಂದು ನಿಲ್ಲುವಂತೆ ಆ ಯಂತ್ರವನ್ನು ರಚಿಸಿದ್ದಾರೆ.

ಇಷ್ಟಾದರೂ ಕತ್ತಿನ ಆಯಾಸ ಹಣೆಯಲ್ಲಿ ಏಕೆ ನೋಯಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಮುಖ ಮತ್ತು ಹಣೆಯ ಸುದ್ದಿಯನ್ನು ತರುವ ದೊಡ್ಡ ನರವೊಂದಿದೆ. ಕತ್ತಿನ ಮೇಲಿನ ಮೂರು ಜೊತೆ ನರಗಳು ಹೆಡತಲೆಯ ಭಾಗದ ಸುದ್ದಿಯನ್ನು ತರುತ್ತವೆ. ಈ ಎರಡು ಕಡೆಯ ತಂತುಗಳೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ಠಾಣೆಗೆ ಬಂದು ಸೇರುತ್ತವೆ. ಎರಡು ಊರಿನ ಟಪಾಲು ಒಂದೇ ಚೀಲದಲ್ಲಿ ಬಿದ್ದಂತೆ. ಚೀಲವನ್ನು ಬಿಚ್ಚಿದ ಮಿದುಳು ಕತ್ತಿನ ಕಾಗದವನ್ನು ಹಣೆಯದೆಂದು ಓದಿಕೊಳ್ಳುವುದುಂಟು. ಕತ್ತಿನಿಂದ ಹುಟ್ಟುವ ಈ ತಲೆನೋವನ್ನು ಬೇರೆಯ ಜಾತಿಯೆಂದು ಗುರುತಿಸಿ ೧೯೮೩ರಲ್ಲಿ ಹೆಸರಿಟ್ಟವರು ನಾರ್ವೆ ದೇಶದ ನರವೈದ್ಯ ಒಟ್ಟಾರ್ ಶೋಸ್ತಾಡ್. ಅದು ಸಾಮಾನ್ಯವಾಗಿ ಹೆಡತಲೆಯಲ್ಲಿ ಹುಟ್ಟಿ, ಒಂದೇ ಮಗ್ಗುಲಲ್ಲಿ ಮೇಲೇರಿ, ಹಣೆಗೋ ಕಣ್ಣಿನ ಹಿಂದಕ್ಕೋ ಬಂದು ನಿಲ್ಲುತ್ತದೆ. ಕತ್ತನ್ನು ತಿರುಗಿಸಿದರೆ ಹೆಚ್ಚುತ್ತದೆ.

ಆದರೆ ಫೋನ್ ಹಿಡಿದ ಮಗುವಿನ ಪ್ರತಿಯೊಂದು ತಲೆನೋವೂ ಕತ್ತಿನದೆಂದು ತೀರ್ಮಾನಿಸಿಬಿಡುವಂತಿಲ್ಲ. ತಲೆಯ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟಿದಂತೆ ನೋಯುವುದು ಬಿಗಿತದ ತಲೆನೋವು. ಮಕ್ಕಳಲ್ಲಿ ಅದು ಬಹಳ ಸಾಮಾನ್ಯ. ಅದರಲ್ಲಿಯೂ ಕತ್ತು ಹೆಗಲುಗಳ ಸ್ನಾಯುಗಳು ಬಿಗಿದಿರುತ್ತವೆ, ವ್ಯಾಯಾಮದಿಂದ ಹಿತವಾಗುವುದುಂಟು. ಅರೆತಲೆನೋವು, ಅಂದರೆ ಮೈಗ್ರೇನ್, ಬೇರೆಯದು. ತಲೆ ಮಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಬೆಳಕು ಸದ್ದುಗಳು ಬೇಡವಾಗಿ ಮಗು ಕತ್ತಲ ಕೋಣೆಯನ್ನು ಹುಡುಕುತ್ತದೆ. ಹೆಸರಿನಲ್ಲಿ ಅರೆತಲೆಯಿದ್ದರೂ ಮಕ್ಕಳಲ್ಲಿ ಅನೇಕ ವೇಳೆ ಎರಡು ಕಡೆಯೂ ನೋಯುತ್ತದೆ. ಮೈಗ್ರೇನಿನಲ್ಲಿಯೂ ಕತ್ತು ಹಿಡಿದುಕೊಳ್ಳುತ್ತದೆಯಾದ್ದರಿಂದ ಎಲ್ಲರೂ ಮೋಸಹೋಗುವುದು ಇಲ್ಲಿಯೇ. ಅದರ ಚಿಕಿತ್ಸೆಯೇ ಬೇರೆ. ಬರಿಯ ಕತ್ತಿನ ವ್ಯಾಯಾಮವನ್ನು ನಂಬಿ ಕುಳಿತುಕೊಳ್ಳಬಾರದು. ಕಣ್ಣಿಗೆ ಕನ್ನಡಕ ಬೇಕಾಗಿರಬಹುದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಶಾಲೆಗೆ ಓಡುತ್ತಿರಬಹುದು. ರಾತ್ರಿ ಐದೇ ಗಂಟೆ ನಿದ್ರಿಸುತ್ತಿರಬಹುದು; ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಯ ನಿದ್ರೆ ಬೇಕು.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದೇ ಈ ಮಾತನ್ನು ಹೇಳುತ್ತಿದ್ದೇನೆ. ಹತ್ತನೆಯ ತರಗತಿಗೆ ಬಂದ ವರ್ಷ ಅವಳಿಗೆ ದಿನವೂ ಮಧ್ಯಾಹ್ನದ ಮೇಲೆ ತಲೆನೋವು. ಶಾಲೆಯಲ್ಲಿ ಅದನ್ನು ಗಣಿತದ ತರಗತಿಯಿಂದ ತಪ್ಪಿಸಿಕೊಳ್ಳುವ ಉಪಾಯವೆಂದರು. ಅಜ್ಜಿ ದೃಷ್ಟಿ ತೆಗೆದರು. ತಂದೆ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹದಿನೈದು ದಿನವಾದರೂ ನೋವು ಹೋಗಲಿಲ್ಲ. ‘ನೋಡಿದಿರಾ, ಫೋನಿನಿಂದ ಅಲ್ಲ, ನಾನು ಸುಳ್ಳು ಹೇಳುತ್ತಿಲ್ಲ’ ಎಂದು ಹುಡುಗಿ ಅತ್ತಳು. ಬೀಗ ಹಾಕಿದ ಮೇಲೆ ಅವಳು ಮಾಡುತ್ತಿದ್ದುದೇನು? ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ನೆಲದ ಮೇಲೆ ತೆರೆದಿಟ್ಟ ಪುಸ್ತಕಕ್ಕೆ ಮುಖ ಬಾಗಿಸಿ ಮೂರು ನಾಲ್ಕು ಗಂಟೆ ಓದುತ್ತಿದ್ದಳು. ಫೋನು ಹೋಗಿತ್ತು, ಅಧೋಮುಖ ಹೋಗಿರಲಿಲ್ಲ.

ಇನ್ನೂ ಒಂದು ವಿಷಯ ಇತ್ತು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಕಣ್ಣನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿದ ಬಳಿಕ, ತಿಂಗಳಿಗೆ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತೀಯೆ ಎಂದು ಕೇಳಿದರು. ಆಗೊಂದು ಈಗೊಂದು ಎಂದಳು ಹುಡುಗಿ. ತಾಯಿ ಮನೆಗೆ ಬಂದು ಶಾಲೆಯ ಚೀಲವನ್ನು ಕೊಡವಿದಾಗ ಬಿದ್ದ ಖಾಲಿ ಹಾಳೆಗಳನ್ನು ಎಣಿಸಿದರೆ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ದಿನ ಮಾತ್ರೆ ನುಂಗಿದ್ದಳು. ಇದು ಅನೇಕರಿಗೆ ತಿಳಿಯದ ಸಂಗತಿಯಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ತಲೆನೋವು ಉಳ್ಳವರು ಪ್ಯಾರಾಸಿಟಮಾಲಿನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚಾಗಿ, ಹಲವು ಔಷಧಗಳನ್ನು ಬೆರೆಸಿದ ಮಾತ್ರೆಯಾದರೆ ಹತ್ತು ದಿನ ಅಥವಾ ಹೆಚ್ಚಾಗಿ, ಮೂರು ತಿಂಗಳಿಗೂ ಮೀರಿ ಸೇವಿಸುತ್ತಿದ್ದರೆ ಆ ಮಾತ್ರೆಯೇ ತಲೆನೋವನ್ನು ಹುಟ್ಟಿಸಬಲ್ಲದು. ನೋವಿಗೆ ಮಾತ್ರೆ, ಮಾತ್ರೆಗೆ ನೋವು ಎಂದು ಗಾಣದ ಎತ್ತಿನಂತೆ ಮಗು ಸುತ್ತತೊಡಗುತ್ತದೆ. ವೈದ್ಯರು ಮಾತ್ರೆಯನ್ನು ಬಿಡಿಸಿದರು. ಮೊದಲ ಕೆಲವು ದಿನ ನೋವು ಹೆಚ್ಚಾಗುವುದೆಂದು ಮೊದಲೇ ತಿಳಿಸಿದ್ದರು, ಹಾಗೆಯೇ ಆಯಿತು. ಜೊತೆಗೆ ಭೌತಚಿಕಿತ್ಸಕರಲ್ಲಿಗೆ ಕಳುಹಿಸಿದರು. ಎರಡು ತಿಂಗಳ ಹೊತ್ತಿಗೆ ದಿನವೂ ಬರುತ್ತಿದ್ದ ನೋವು ವಾರಕ್ಕೊಮ್ಮೆಗೆ ಇಳಿಯಿತು. ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಅವಳಿಗೆ ಹೆಚ್ಚು ಸಮಾಧಾನವಾದದ್ದು ಬೇರೆಯದೇ ಕಾರಣಕ್ಕೆ: ತನ್ನ ನೋವು ನಿಜವೆಂದು ಒಬ್ಬರು ಒಪ್ಪಿದರಲ್ಲ!

ವ್ಯಾಯಾಮಕ್ಕೆ ಬರುವ ಮುನ್ನ ಒಂದು ಎಚ್ಚರಿಕೆ. ಜ್ವರದೊಡನೆ ಕತ್ತು ಮರಗಟ್ಟಿ ಗದ್ದ ಎದೆಗೆ ಬಾಗದಂತಾದರೆ, ಸಿಡಿಲು ಬಡಿದಂತೆ ಒಮ್ಮೆಲೇ ತೀವ್ರವಾದ ನೋವು ಬಂದರೆ, ತಲೆಗೆ ಪೆಟ್ಟು ಬಿದ್ದ ಬಳಿಕ ಶುರುವಾಗಿದ್ದರೆ, ನಸುಕಿನಲ್ಲಿ ನೋವಿನಿಂದಲೇ ಎಚ್ಚರವಾಗಿ ವಾಂತಿಯಾಗುತ್ತಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲಿನ ಬಲ ಕುಂದಿದರೆ ಇಲ್ಲವೆ ಜೋಮು ಹಿಡಿದರೆ, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮದ ಮಾತನ್ನೇ ಎತ್ತದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಆಸ್ಟ್ರೇಲಿಯದ ಭೌತಚಿಕಿತ್ಸಾ ವಿದುಷಿ ಗ್ವೆಂಡೊಲೆನ್ ಜಲ್ ಮತ್ತು ಅವರ ಸಂಗಡಿಗರು ಕತ್ತಿನಿಂದ ಹುಟ್ಟುವ ತಲೆನೋವಿನ ೨೦೦ ಮಂದಿಯನ್ನು ನಾಲ್ಕು ಗುಂಪು ಮಾಡಿ ಪರೀಕ್ಷಿಸಿ, ೨೦೦೨ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಆರು ವಾರ ಚಿಕಿತ್ಸೆ. ಹಗುರವಾದ ವ್ಯಾಯಾಮ ಮಾಡಿದವರಿಗೆ ತಲೆನೋವು ಬರುವ ಸರದಿಯೂ ಅದರ ತೀವ್ರತೆಯೂ ತಗ್ಗಿದವು. ಒಂದು ವರ್ಷದ ಬಳಿಕ ನೋಡಿದಾಗಲೂ ಆ ಗುಣ ಉಳಿದಿತ್ತು. ಅವರೆಲ್ಲರೂ ವಯಸ್ಕರಾಗಿದ್ದರು ಎಂಬುದನ್ನು ಮರೆಯದೆ, ಮಕ್ಕಳಲ್ಲಿಯೂ ಅಷ್ಟೇ ಫಲವನ್ನು ಕರಾರುವಾಕ್ಕಾಗಿ ನಿರೀಕ್ಷಿಸದೆ, ಆ ಕ್ರಮವನ್ನು ಅನುಸರಿಸಬಹುದು. ಅದರಲ್ಲಿ ಬಲಪ್ರಯೋಗವಿಲ್ಲ, ಖರ್ಚಿಲ್ಲ. ಒಂದು ಚಾಪೆ, ಒಂದು ಟವೆಲು ಇದ್ದರೆ ಸಾಕು.

ಕೇಳುಗರೆ, ನಿಮ್ಮ ಮನೆಯ ಹುಡುಗ ಹುಡುಗಿಯರನ್ನು ಪಕ್ಕಕ್ಕೆ ಕರೆದುಕೊಳ್ಳಿರಿ. ಅವರೊಡನೆ ನೀವೂ ಮಾಡಿರಿ. ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಿಸಿಕೊಳ್ಳಬೇಕು. ತಲೆಯ ಕೆಳಗೆ ತೆಳ್ಳಗೆ ಮಡಿಸಿದ ಟವೆಲು. ತಲೆಯನ್ನು ಟವೆಲಿನಿಂದ ಮೇಲೆತ್ತದೆ, ಹೌದೆನ್ನುವಂತೆ ಗದ್ದವನ್ನು ಎಷ್ಟು ಸ್ವಲ್ಪವಾಗಿ ಸಾಧ್ಯವೋ ಅಷ್ಟು ಸ್ವಲ್ಪವಾಗಿ ಒಳಕ್ಕೆ ಬಾಗಿಸಬೇಕು. ಸಾಲ ಕೇಳಲು ಬಂದ ನೆಂಟನಿಗೆ ಅರೆಮನಸ್ಸಿನಿಂದ ಹೌದೆನ್ನುತ್ತೇವಲ್ಲ, ಅಷ್ಟು ಸಾಕು. ಕೊರಳಿನ ಎರಡೂ ಪಕ್ಕಗಳಲ್ಲಿ ಬೆರಳಿಟ್ಟು ನೋಡಿದರೆ ಹೊರಗಿನ ಸ್ನಾಯುಗಳು ಹಗ್ಗದಂತೆ ಸೆಟೆಯದೆ ಮೆತ್ತಗಿರಬೇಕು. ಸೆಟೆದರೆ ಬಲ ಹೆಚ್ಚಾಯಿತೆಂದು ಅರ್ಥ. ಹಾಗೆಯೇ ಹಿಡಿದು ಸಹಜವಾಗಿ ಉಸಿರಾಡುತ್ತ ಮನಸ್ಸಿನಲ್ಲಿ ಹತ್ತು ಎಣಿಸಿ ಬಿಡುವುದು. ಮೊದಲಿಗೆ ಐದು ಸಲ, ವಾರ ಕಳೆದಂತೆ ಹತ್ತು ಸಲ. ನೋಡುವವರಿಗೆ ಏನನ್ನೂ ಮಾಡುತ್ತಿಲ್ಲವೆಂದೇ ತೋರುತ್ತದೆ. ಹೊರಗೆ ಕಾಣದ ಆಳದ ಸ್ನಾಯುಗಳನ್ನು ಎಚ್ಚರಿಸುವ ಈ ಒಂದು ವ್ಯಾಯಾಮ ಎಲ್ಲಕ್ಕಿಂತ ಮುಖ್ಯ. ಹುಡುಗರು ಬೇಸರದಿಂದ ಬಿಟ್ಟುಬಿಡುವುದೂ ಇದನ್ನೇ.

ಕುಳಿತಲ್ಲಿ ಮಾಡುವುದಕ್ಕೆ ಇನ್ನೊಂದಿದೆ. ನೆಟ್ಟಗೆ ಕುಳಿತು, ತಲೆಯ ಮೇಲೆ ಸಿಂಬೆಯಿಟ್ಟು ತುಂಬಿದ ಕೊಡವನ್ನು ಹೊತ್ತಿದ್ದೇವೆಂದು ಭಾವಿಸಿಕೊಳ್ಳಬೇಕು. (ಕೊಡ ಹೊತ್ತ ನಮ್ಮ ಹಳ್ಳಿಯ ಹೆಂಗಸರ ನಿಲುವನ್ನು ಕವಿಗಳು ಹೊಗಳಿದ್ದಾರೆ. ಅವರ ಕತ್ತುನೋವನ್ನು ಕೇಳಿದವರು ಕಡಮೆ. ನಮಗೆ ಬೇಕಾದದ್ದು ನಿಲುವು ಮಾತ್ರ, ಕೊಡ ಬೇಡ.) ನೋಟ ಎದುರಿಗೇ ಇರಲಿ. ಗದ್ದವನ್ನು ಎತ್ತದೆ, ತಗ್ಗಿಸದೆ, ಮೇಜಿನ ಡ್ರಾಯರನ್ನು ಒಳಕ್ಕೆ ತಳ್ಳುವಂತೆ ನೇರವಾಗಿ ಹಿಂದಕ್ಕೆ ಸರಿಸುವುದು. ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿದರೆ ಸರಿಯಾಗಿ ಮಾಡುತ್ತಿದ್ದೇವೆಂದು ತಿಳಿಯಬೇಕು. ಹೆಡತಲೆಯ ಕೆಳಗೆ ಹಿತವಾದ ಸೆಳೆತ ತೋರುತ್ತದೆ. ಐದು ಎಣಿಸಿ ಬಿಡುವುದು. ಎಂಟು ಹತ್ತು ಸಲ. ದಿನಕ್ಕೆ ಎರಡು ಮೂರು ಬಾರಿ. ಇದನ್ನು ಬಸ್ಸಿನಲ್ಲಿಯೂ ಮಾಡಬಹುದು, ಎದುರಿಗೆ ಕುಳಿತವರು ನಕ್ಕರೆ ನಗಲಿ.

ಬಳಿಕ ತಲೆಯನ್ನು ಮೆಲ್ಲಗೆ ಬಲಕ್ಕೆ, ಮೆಲ್ಲಗೆ ಎಡಕ್ಕೆ, ನೋಯದೆ ಹೋಗುವಷ್ಟು ದೂರ ತಿರುಗಿಸುವುದು. ಆಮೇಲೆ ಬಲಗಿವಿಯನ್ನು ಬಲಹೆಗಲ ಕಡೆಗೆ ವಾಲಿಸಿ ಇಪ್ಪತ್ತು ಎಣಿಸುವುದು. ಹೆಗಲು ಕಿವಿಯನ್ನು ಎದುರುಗೊಳ್ಳಲು ಮೇಲೇಳಬಾರದು. ಎಡಕ್ಕೂ ಹಾಗೆಯೇ. ಬೆನ್ನ ಮೇಲಿನ ಎರಡು ರೆಕ್ಕೆಮೂಳೆಗಳನ್ನು ಹತ್ತಿರಕ್ಕೆ ತಂದು ಸ್ವಲ್ಪ ಕೆಳಕ್ಕೆಳೆದು ಐದು ಎಣಿಸಿ ಬಿಡುವುದು ಕಡೆಯದು. ಕತ್ತಿನ ದುಡಿಮೆಯಲ್ಲಿ ಹೆಗಲಿಗೂ ಪಾಲುಂಟು ಎಂಬ ಕಾರಣಕ್ಕೆ ಅದು. ಎಲ್ಲ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ. ಮಾಡುವಾಗ ತಲೆ ತಿರುಗಿದರೆ, ಕೈಗೆ ಜುಮುಜುಮು ಇಳಿದರೆ, ನೋವು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕೇಳಬೇಕು.

ಬೇಡದ್ದನ್ನೂ ಹೇಳಿಬಿಡುತ್ತೇನೆ. ತಲೆಯನ್ನು ಬುಗುರಿಯಂತೆ ಸುತ್ತಲೂ ರಭಸದಿಂದ ತಿರುಗಿಸುವುದು ಬೇಡ. ಕತ್ತಿನ ನೆಟಿಕೆ ತೆಗೆಯುವ ಅಭ್ಯಾಸವೂ ಬೇಡ. ಕ್ಷೌರದಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಗದ್ದ ಹಿಡಿದು ಫಕ್ಕನೆ ತಿರುಗಿಸಿ ಲಟಕ್ಕೆನಿಸುವ ಉಪಚಾರವಂತೂ ಬೇಡವೇ ಬೇಡ. ಕತ್ತಿನ ಮೂಳೆಗಳ ರಂಧ್ರಗಳೊಳಗೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಅಂಥ ತಿರುವಿನಿಂದ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿಯುವುದು ವಿರಳವಾದರೂ ನಡೆದಿರುವ ಸಂಗತಿ. ತಲೆನೋವಿಗೆ ಒಳ್ಳೆಯದೆಂದು ಯಾರೋ ಹೇಳಿದರೆಂದು ಗುರುವಿಲ್ಲದೆ ಶೀರ್ಷಾಸನಕ್ಕೆ ತೊಡಗುವುದೂ ಸಲ್ಲದು.

ಹತ್ತು ನಿಮಿಷ ವ್ಯಾಯಾಮ ಮಾಡಿ ಉಳಿದ ಹೊತ್ತೆಲ್ಲ ಮೊದಲಿನಂತೆಯೇ ಮುದುಡಿ ಕುಳಿತರೆ ಏನೂ ಸಾಧಿಸಿದಂತಾಗದು. ಹಿಂದಿನವರು ದೊಡ್ಡ ಗ್ರಂಥಗಳನ್ನು ವ್ಯಾಸಪೀಠದ ಮೇಲಿಟ್ಟು ಓದುತ್ತಿದ್ದರು. ಅದರಿಂದ ಗ್ರಂಥಕ್ಕೆ ಗೌರವ ಸಲ್ಲುತ್ತಿತ್ತು, ಓದುವವನ ಕತ್ತಿಗೂ ಅನುಕೂಲವಾಗುತ್ತಿತ್ತು. ಮನೆಯ ಮೂಲೆಯಲ್ಲಿ ಬಿದ್ದಿರುವ ವ್ಯಾಸಪೀಠವನ್ನು ಒರೆಸಿ ಮಕ್ಕಳ ಮುಂದಿಡಿ. ಪುಸ್ತಕವನ್ನೂ ಇಡಬಹುದು, ಫೋನನ್ನೂ ಇಡಬಹುದು. ಕೈಯಲ್ಲಿಯೇ ಹಿಡಿಯಬೇಕಾದರೆ ಮೊಣಕೈಗಳನ್ನು ದಿಂಬಿನ ಮೇಲೆ ಊರಿ ಫೋನನ್ನು ಎದೆಯ ಮಟ್ಟಕ್ಕಾದರೂ ಎತ್ತಿಕೊಳ್ಳಲಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಎದ್ದು ಒಂದು ಲೋಟ ನೀರು ಕುಡಿದು, ಕಿಟಕಿಯಾಚೆ ದೂರದ ಮರವನ್ನು ನೋಡಿ ಬರಲಿ. ಕತ್ತಿಗೂ ಕಣ್ಣಿಗೂ ಒಟ್ಟಿಗೆ ಬಿಡುವಾಗುತ್ತದೆ. ಮಗ್ಗುಲಾಗಿ ಮಲಗಿ ಕತ್ತಲಲ್ಲಿ ಫೋನ್ ನೋಡುವ ಅಭ್ಯಾಸ ಕತ್ತಿಗೆ ಕೆಟ್ಟದ್ದು, ನಿದ್ರೆಗೆ ಇನ್ನೂ ಕೆಟ್ಟದ್ದು. ರಾತ್ರಿ ಒಂಬತ್ತರ ಮೇಲೆ ಮನೆಯ ಫೋನುಗಳೆಲ್ಲ ಒಂದೇ ಕಡೆ ಮಲಗಬೇಕೆಂಬ ಕಟ್ಟಳೆ ಮಾಡಿಕೊಂಡ ಮನೆಗಳನ್ನು ನಾನು ಬಲ್ಲೆ. ಅಪ್ಪನ ಫೋನು ಆ ಕಟ್ಟಳೆಗೆ ಹೊರತಾದ ಮನೆಗಳಲ್ಲಿ ಅದು ಮೂರು ದಿನಕ್ಕೆ ಮುರಿದುಬಿತ್ತು. ಶಾಲೆಯ ಚೀಲವನ್ನೂ ಒಮ್ಮೆ ತೂಗಿ ನೋಡಬೇಕು. ಮಗುವಿನ ತೂಕದ ನೂರಕ್ಕೆ ಹತ್ತರಷ್ಟನ್ನು ಅದು ಮೀರಬಾರದೆಂದು ೨೦೧೯ರಲ್ಲಿ ನಮ್ಮ ಸರ್ಕಾರವೇ ಆದೇಶ ಹೊರಡಿಸಿತು.

ಕೊನೆಯದಾಗಿ, ಒಂದು ನಲವತ್ತು ಪುಟದ ನೋಟುಪುಸ್ತಕವನ್ನು ತಂದು ಮಗುವಿನ ಕೈಗೇ ಕೊಡಿ. ನೋವು ಬಂದ ದಿನ, ಹೊತ್ತು, ಎಲ್ಲಿ ಹುಟ್ಟಿ ಎಲ್ಲಿಗೆ ಬಂತು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ರೆ, ಬೆಳಗ್ಗೆ ತಿಂಡಿ ಆಗಿತ್ತೇ, ಎಷ್ಟು ಹೊತ್ತು ಬಾಗಿ ಕುಳಿತಿದ್ದುದು, ಮಾತ್ರೆ ನುಂಗಿದ್ದರೆ ಯಾವುದು, ಅಂದು ವ್ಯಾಯಾಮ ಮಾಡಿತೋ ಇಲ್ಲವೋ, ಇಷ್ಟನ್ನು ಅದೇ ಬರೆಯಲಿ. ತಪ್ಪು ಹಿಡಿಯುವುದಕ್ಕೆಂದು ದೊಡ್ಡವರು ಆ ಪುಸ್ತಕವನ್ನು ತೆರೆಯಬಾರದು; ತೆರೆದರೆ ಮರುದಿನದಿಂದ ಅದರಲ್ಲಿ ನಿಜ ಬರೆಯುವುದು ನಿಲ್ಲುತ್ತದೆ. ಆರು ವಾರ ಕಳೆದ ಮೇಲೆ ಮಗುವೂ ನೀವೂ ಒಟ್ಟಿಗೆ ಕುಳಿತು ಮೊದಲ ವಾರದ ಪುಟವನ್ನೂ ಕೊನೆಯ ವಾರದ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ. ನೋವಿನ ದಿನಗಳು ಕಡಮೆಯಾಗಿದ್ದರೆ ವ್ಯಾಯಾಮ ಮುಂದುವರಿಯಲಿ. ಆಗಿರದಿದ್ದರೆ ಆ ನೋಟುಪುಸ್ತಕವನ್ನೇ ತೆಗೆದುಕೊಂಡು ಮಗುವಿನೊಡನೆ ವೈದ್ಯರಲ್ಲಿಗೆ ಹೋಗಿರಿ. ಅವರು ಕೇಳಬೇಕಾದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅದರಲ್ಲಿಯೇ ಉತ್ತರ ಸಿಗುತ್ತದೆ.